ಆಕಾಶದ ಹೇನು

ವಿಮಾನವೆಂಬುದು ಸಿರಿವಂತರ ಹಾಗೂ ಸೈನ್ಯಗಳ ಸೊತ್ತಾಗಿದ್ದ ಕಾಲವದು. ಸುತ್ತಿಗೆ, ಗರಗಸ ಹಿಡಿಯಬಲ್ಲ ಯಾವ ಸಾಮಾನ್ಯನಾದರೂ ಅದನ್ನು ಮನೆಯಲ್ಲಿಯೇ ಕಟ್ಟಿಕೊಂಡು ಹಾರಬಹುದೆಂದು ಹಠ ಹಿಡಿದವನು ಫ್ರಾನ್ಸಿನ ಆನ್ರಿ ಮಿನ್ಯೆ.

1893ರಲ್ಲಿ ಜನಿಸಿದ ಮಿನ್ಯೆ ರೇಡಿಯೋ ಕೆಲಸದಲ್ಲಿ ಪಳಗಿದವನು. ಆತ ಕಟ್ಟಿದ ಮೊದಮೊದಲ ವಿಮಾನಗಳಲ್ಲಿ ಹಲವು ನೆಲಬಿಟ್ಟು ಸರಿಯಾಗಿ ಮೇಲೇಳಲೇ ಇಲ್ಲ. ಕೈಯಲ್ಲಿ ಸನ್ನೆಗೋಲನ್ನೂ ಕಾಲಿನಲ್ಲಿ ಪೆಡಲುಗಳನ್ನೂ ಏಕಕಾಲಕ್ಕೆ ಆಡಿಸುವುದು ಆತನಿಗೆ ಒಗ್ಗಲಿಲ್ಲ. ಸೋತವನು ಸಾಮಾನ್ಯವಾಗಿ ತನ್ನನ್ನೇ ಹಳಿದುಕೊಳ್ಳುತ್ತಾನೆ. ಮಿನ್ಯೆಯಾದರೋ ಯಂತ್ರವನ್ನೇ ಬದಲಿಸಲು ಹೊರಟನು.

1933ರ ಸೆಪ್ಟೆಂಬರಿನಲ್ಲಿ ಆತನ ಹೊಸ ವಿಮಾನ ಹಾರಿತು. ಮರ, ಬಟ್ಟೆ ಮತ್ತು ಅಂಟುಗಳಿಂದಾದ ಆ ಪುಟ್ಟ ದೇಹಕ್ಕೆ ಮೋಟಾರ್ ಸೈಕಲ್ಲಿನದರಂತಹ ಎಂಜಿನ್ನು; ರೆಕ್ಕೆಯ ಅಗಲ ಕೇವಲ 6 ಮೀಟರು. ಒಂದರ ಹಿಂದೊಂದು ಎರಡು ರೆಕ್ಕೆಗಳು. ಮುಂದಿನ ರೆಕ್ಕೆಯನ್ನೇ ಓರೆಮಾಡಿ ಏರುವುದು, ಇಳಿಯುವುದು. ಪೆಡಲುಗಳಿಲ್ಲ; ಎಲ್ಲವೂ ಒಂದೇ ಸನ್ನೆಗೋಲಿನ ಅಧೀನ. ಮಿನ್ಯೆ ಅದನ್ನು ಆಕಾಶದ ಹೇನು ಎಂದು ಕರೆದನು!

ಕಟ್ಟುವ ವಿಧಾನವನ್ನು ಆತ ಗುಟ್ಟಾಗಿಡಲಿಲ್ಲ. 1934ರಲ್ಲಿ ಅಳತೆ, ನಕ್ಷೆಗಳ ಸಮೇತ ಪುಸ್ತಕವನ್ನೇ ಪ್ರಕಟಿಸಿದನು. ಮರುವರ್ಷ ಅದು ಇಂಗ್ಲಿಷಿಗೂ ಬಂದಿತು. ಊರೂರುಗಳಲ್ಲಿ ಉತ್ಸಾಹಿಗಳು ಹಲಗೆ ಕೊಯ್ಯತೊಡಗಿದರು. ಬ್ರಿಟನ್ನಿನಲ್ಲಿ ಸಿದ್ಧಭಾಗಗಳನ್ನು ಕಟ್ಟುಕಟ್ಟಿ ಮಾರುವ ವ್ಯಾಪಾರವೂ ಆರಂಭವಾಯಿತು. 1935ರ ಆಗಸ್ಟಿನಲ್ಲಿ ಮಿನ್ಯೆ ಸ್ವತಃ ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟಿದನು.

ಅಷ್ಟರಲ್ಲಿಯೇ ಸಾವಿನ ಸುದ್ದಿಗಳು ಬರತೊಡಗಿದವು. ಮೂತಿ ತಗ್ಗಿಸಿದ ವಿಮಾನಗಳು ಮತ್ತೆ ತಲೆಯೆತ್ತದೆ ನೆಲಕ್ಕಪ್ಪಳಿಸಿದವು. ಅವುಗಳನ್ನು ಹಾರಿಸಿದ ಹಲವರು ಸತ್ತರು. ತಜ್ಞರು ಪೂರ್ಣಪ್ರಮಾಣದ ವಿಮಾನವನ್ನೇ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ದೋಷ ಬಯಲಾಯಿತು. ಎರಡು ರೆಕ್ಕೆಗಳು ತೀರ ಸಮೀಪದಲ್ಲಿದ್ದವು. ಮೂತಿ ಒಂದು ಮಿತಿಗಿಂತ ಹೆಚ್ಚು ತಗ್ಗಿದಾಗ ಚಾಲಕನು ಸನ್ನೆಗೋಲನ್ನು ಎಳೆದರೆ, ಆ ಕಿರಿದಾದ ಸಂದಿಯಲ್ಲಿ ನುಗ್ಗುವ ಗಾಳಿ ಹಿಂದಿನ ರೆಕ್ಕೆಯನ್ನೇ ಎತ್ತಿ ಮೂತಿಯನ್ನು ಇನ್ನಷ್ಟು ಕೆಳಕ್ಕೆ ನೂಕುತ್ತಿತ್ತು. ಬದುಕಲೆಂದು ಮಾಡಿದ ಯತ್ನವೇ ಮೃತ್ಯುವಾಗುತ್ತಿತ್ತು. 1936ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ಸರ್ಕಾರಗಳು ಅದರ ಹಾರಾಟವನ್ನು ತಡೆದವು.

ತನ್ನ ಯಂತ್ರವನ್ನು ಪರರ ಕೈಗೆ ಕೊಡುವ ಮುನ್ನ ಮಿನ್ಯೆ ಇನ್ನಷ್ಟು ಪರೀಕ್ಷಿಸಬೇಕಾಗಿತ್ತು. ಆತನ ಔದಾರ್ಯ ಈ ತಪ್ಪನ್ನು ಮುಚ್ಚಲಾರದು. ಆದರೂ ಆತ ಕೈಕಟ್ಟಿ ಕುಳಿತವನಲ್ಲ. ರೆಕ್ಕೆಗಳ ಅಂತರವನ್ನು ತಿದ್ದಿ, ಅಮೆರಿಕ ಮೊದಲಾದ ದೇಶಗಳಲ್ಲಿ ಅಲೆದು, ಹೊಸ ಮಾದರಿಗಳನ್ನು ರೂಪಿಸುತ್ತಲೇ ಇದ್ದನು. 1965ರಲ್ಲಿ ತೀರಿಕೊಂಡನು.

1980ರ ದಶಕದಲ್ಲಿ ಆತನ ಹೆಸರನ್ನೇ ಹೊತ್ತ ಫ್ರೆಂಚ್ ಸಂಸ್ಥೆಯೊಂದು ಅದೇ ಜೋಡಿರೆಕ್ಕೆಯ ಕ್ರಮದಲ್ಲಿ ಬಾಲೆರಿ ಎಂಬ ಹಗುರ ವಿಮಾನವನ್ನು ತಯಾರಿಸಿತು. ಫ್ರಾನ್ಸಿನ ಸೈನ್ಯವೂ ಅದನ್ನು ಬಳಸಿತು.