ಟನ್‌ಗಟ್ಟಲೆ ಅದಿರಿನಿಂದ ಚಿಟಿಕೆಯಷ್ಟು ರೇಡಿಯಂ

ಸೋಸುವಿಕೆ, ಬಸಿಯುವಿಕೆ, ಆವೀಕರಣ, ಸ್ಫಟಿಕೀಕರಣ ಎಂದು ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಇವುಗಳನ್ನೇ ನಂಬಿ ವರ್ಷಗಟ್ಟಲೆ ದುಡಿದವರು ಮೇರಿ ಕ್ಯೂರಿ.

ಅವರು 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾದಲ್ಲಿ ಜನಿಸಿದರು. ತಂದೆ ಗಣಿತ, ಭೌತಶಾಸ್ತ್ರದ ಶಿಕ್ಷಕರು. ರಷ್ಯಾದ ಆಳ್ವಿಕೆಯಲ್ಲಿದ್ದ ಆ ಊರಿನ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ, ಆ ಹಣದಲ್ಲಿ ಅಕ್ಕನ ವೈದ್ಯಕೀಯ ಓದಿಗೆ ನೆರವಾದರು. 1891ರಲ್ಲಿ ತಾವೂ ಪ್ಯಾರಿಸ್ಸಿಗೆ ಹೋಗಿ ಓದಿದರು. 1895ರಲ್ಲಿ ವಿಜ್ಞಾನಿ ಪಿಯರ್ ಕ್ಯೂರಿ ಅವರನ್ನು ವಿವಾಹವಾದರು.

ಪಿಚ್‌ಬ್ಲೆಂಡ್ ಎಂಬ ಅದಿರು ಯುರೇನಿಯಂಗಿಂತಲೂ ಹೆಚ್ಚು ವಿಕಿರಣ ಸೂಸುವುದನ್ನು ಮೇರಿ ಅಳೆದು ಕಂಡುಕೊಂಡರು. ಹಾಗಾದರೆ ಅದರಲ್ಲಿ ಇನ್ನೂ ಯಾರೂ ಕಾಣದ ಧಾತು ಇರಲೇಬೇಕು ಎಂದು ತರ್ಕಿಸಿದರು. 1898ರಲ್ಲಿ ದಂಪತಿಗಳು ಪೊಲೋನಿಯಂ ಮತ್ತು ರೇಡಿಯಂ ಎಂಬ ಎರಡು ಹೊಸ ಧಾತುಗಳನ್ನು ಪ್ರಕಟಿಸಿದರು. ಆದರೆ ಶುದ್ಧ ಪದಾರ್ಥವನ್ನು ತೋರಿಸಿ, ಪರಮಾಣು ತೂಕ ಹೇಳದೆ ರಸಾಯನಶಾಸ್ತ್ರಜ್ಞರು ಒಪ್ಪುವಂತಿರಲಿಲ್ಲ.

ಬೊಹೆಮಿಯಾದ ಗಣಿಯಲ್ಲಿ ಯುರೇನಿಯಂ ತೆಗೆದ ಮೇಲೆ ಎಸೆದಿದ್ದ ಅದಿರಿನ ಶೇಷವನ್ನು ಅವರು ತರಿಸಿಕೊಂಡರು. ಮಳೆಗೆ ಸೋರುವ ಶೆಡ್ಡಿನಲ್ಲಿ ಮೇರಿ ಒಮ್ಮೆಗೆ 20 ಕಿಲೋಗ್ರಾಂವರೆಗೆ ಕುದಿಸಿ, ಕಬ್ಬಿಣದ ಸಲಾಕೆಯಿಂದ ಕಲಕಿ, ಸೋಸುತ್ತಿದ್ದರು. ಕೊನೆಗೆ ರೇಡಿಯಂ ಬೇರಿಯಂ ಜೊತೆಯಲ್ಲೇ ಉಳಿಯುತ್ತಿತ್ತು. ಇವೆರಡರ ಗುಣಗಳು ಬಹಳ ಹೋಲುತ್ತವೆ. ಒಂದು ಸಣ್ಣ ವ್ಯತ್ಯಾಸ ಮಾತ್ರ ನೆರವಿಗೆ ಬಂತು: ರೇಡಿಯಂ ಕ್ಲೋರೈಡ್ ಬೇರಿಯಂ ಕ್ಲೋರೈಡ್‌ಗಿಂತ ಕಡಿಮೆ ಕರಗುತ್ತದೆ. ಬಿಸಿ ದ್ರಾವಣ ತಣಿದಾಗ ಮೊದಲು ಮೂಡುವ ಹರಳುಗಳಲ್ಲಿ ರೇಡಿಯಂ ಪ್ರಮಾಣ ತುಸು ಹೆಚ್ಚಿರುತ್ತದೆ. ಆ ಹರಳುಗಳನ್ನು ಮತ್ತೆ ಕರಗಿಸುವುದು, ಮತ್ತೆ ತಣಿಸುವುದು. ಹೀಗೆ ನೂರಾರು ಬಾರಿ. ಪ್ರತಿ ಹಂತದಲ್ಲೂ ಹರಳು, ಉಳಿದ ದ್ರಾವಣ ಎರಡರ ವಿಕಿರಣವನ್ನೂ ಅಳೆದು ರೇಡಿಯಂ ಎತ್ತ ಹೋಯಿತೆಂದು ನೋಡುತ್ತಿದ್ದರು.

1902ರಲ್ಲಿ ಕೈಗೆ ಬಂದದ್ದು ಸುಮಾರು 0.1 ಗ್ರಾಂ ರೇಡಿಯಂ ಕ್ಲೋರೈಡ್. ಅದರಿಂದ ರೇಡಿಯಂನ ಪರಮಾಣು ತೂಕ 225 ಎಂದು ಕಂಡುಕೊಂಡರು. ಇಂದಿನ ಬೆಲೆ 226. ಈ ಬೇರ್ಪಡಿಸುವ ವಿಧಾನಕ್ಕೆ ದಂಪತಿಗಳು ಪೇಟೆಂಟ್ ಪಡೆಯಲಿಲ್ಲ. 1903ರಲ್ಲಿ ಭೌತಶಾಸ್ತ್ರದ, 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಮೇರಿ ಅವರಿಗೆ ಸಂದಿತು. ನಡುವೆ 1906ರಲ್ಲಿ ಪಿಯರ್ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ದೀರ್ಘಕಾಲ ವಿಕಿರಣದ ನಡುವೆ ದುಡಿದ ಮೇರಿ, ರಕ್ತಹೀನತೆಯ ತೀವ್ರ ರೂಪದಿಂದ 1934ರ ಜುಲೈ 4ರಂದು ನಿಧನರಾದರು. ಅವರ ಟಿಪ್ಪಣಿ ಪುಸ್ತಕಗಳು ಇಂದಿಗೂ ವಿಕಿರಣ ಸೂಸುತ್ತಿವೆ.

ತರಗತಿಯಲ್ಲಿ ಮರಳು ಮತ್ತು ಉಪ್ಪಿನ ಮಿಶ್ರಣ ಕೊಟ್ಟಾಗ, ಉಪ್ಪು ಈಗ ಎಲ್ಲಿದೆ, ಅದು ನಿಮಗೆ ಹೇಗೆ ಗೊತ್ತು ಎಂದು ಪ್ರತಿ ಹಂತದಲ್ಲೂ ಕೇಳೋಣ. ರುಚಿ ನೋಡುವುದು ಬೇಡ. ಸೋಸಿದ ನೀರಿನ ಒಂದು ಹನಿಯನ್ನೂ, ಮರಳು ತೊಳೆದ ನೀರಿನ ಒಂದು ಹನಿಯನ್ನೂ ಗಾಜಿನ ಮೇಲೆ ಒಣಗಿಸಿ ನೋಡಲಿ. ಮೇರಿ ಅವರ ಶೆಡ್ಡಿನಲ್ಲಿ ನಡೆದ ಪರೀಕ್ಷೆಯ ರೀತಿಯೂ ಇದೇ.