ನೀರಿನ ಗುಟ್ಟು ಅರಿತ ಎಲೆನ್ ರಿಚರ್ಡ್ಸ್

ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ಲೋಟದಲ್ಲಿ ಹೊಳೆಯುವ ನೀರಿನಲ್ಲೂ ಊರಿನ ಕೊಳಚೆಯಾಗಲಿ ಕಾರ್ಖಾನೆಯ ವಿಷವಾಗಲಿ ಅಡಗಿರಬಹುದು. ಅದನ್ನು ಅಳೆದು ತೋರಿಸಲು ಶ್ರಮಿಸಿದ ಹಿರಿಯರಲ್ಲಿ ಅಮೆರಿಕದ ಎಲೆನ್ ಸ್ವಾಲೋ ರಿಚರ್ಡ್ಸ್ ಒಬ್ಬರು.

ಇವರು 1842ರ ಡಿಸೆಂಬರ್ 3ರಂದು ಮ್ಯಾಸಚೂಸೆಟ್ಸ್ ರಾಜ್ಯದ ಡನ್‌ಸ್ಟೆಬಲ್ ಎಂಬ ಊರಿನಲ್ಲಿ ಜನಿಸಿದರು. ತಂದೆತಾಯಿಗಳು ಶಿಕ್ಷಕರಾಗಿದ್ದವರು, ಮನೆಯಲ್ಲಿ ಹಣದ ಅನುಕೂಲವಿರಲಿಲ್ಲ. ದುಡಿದು ಕೂಡಿಟ್ಟ ಹಣದಿಂದ ವಾಸರ್ ಕಾಲೇಜು ಸೇರಿ 1870ರಲ್ಲಿ ಪದವಿ ಪಡೆದರು.

ಮುಂದೆ ರಸಾಯನಶಾಸ್ತ್ರ ಕಲಿಯಲು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅದುವರೆಗೆ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಸಂಸ್ಥೆಯವರು ಶುಲ್ಕವಿಲ್ಲದೆ ಸೇರಿಸಿಕೊಂಡರು. ತಮ್ಮ ಬಡತನ ಕಂಡು ಮಾಡಿದ ಉಪಕಾರವೆಂದು ಎಲೆನ್ ಭಾವಿಸಿದರು. ಯಾರಾದರೂ ಆಕ್ಷೇಪಿಸಿದರೆ, ಈಕೆ ನಮ್ಮ ವಿದ್ಯಾರ್ಥಿನಿಯಲ್ಲ ಎಂದು ಹೇಳಲು ದಾರಿಯಿರಲೆಂದು ಹಾಗೆ ಮಾಡಿದ್ದರೆಂಬುದು ಆಮೇಲೆ ತಿಳಿಯಿತು. ಆದರೂ ಎದೆಗುಂದದೆ, 1873ರಲ್ಲಿ ಅಲ್ಲಿಂದ ಪದವಿ ಪಡೆದ ಮೊದಲ ಮಹಿಳೆಯಾದರು. 1884ರಲ್ಲಿ ಅಲ್ಲಿಯೇ ಬೋಧಕಿಯಾದರು.

ಆ ರಾಜ್ಯದಲ್ಲಿ ಬಟ್ಟೆ ಗಿರಣಿಗಳ ಪಟ್ಟಣಗಳು ಬೆಳೆದು, ಕೊಳಚೆಯೂ ಗಿರಣಿಗಳ ಹೊಲಸು ನೀರೂ ನದಿಗಳಿಗೆ ಸೇರುತ್ತಿದ್ದವು. 1887ರಲ್ಲಿ ರಾಜ್ಯದ ಆರೋಗ್ಯ ಮಂಡಳಿಯು ನೀರಿನ ಸಮೀಕ್ಷೆ ಕೈಗೊಂಡಿತು. ಪ್ರಾಧ್ಯಾಪಕ ಥಾಮಸ್ ಡ್ರೌನ್ ಅವರ ಮೇಲ್ವಿಚಾರಣೆಯಲ್ಲಿ ಎಲೆನ್ ಮತ್ತು ಅವರ ಸಹಾಯಕರು ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದರು.

ಆಗ ಒಂದು ಸಂಗತಿ ಸ್ಪಷ್ಟವಾಯಿತು. ಸಮುದ್ರದ ಬಳಿಯ ನೀರಿನಲ್ಲಿ ಕ್ಲೋರೈಡ್ ಸಹಜವಾಗಿಯೇ ಹೆಚ್ಚು. ಒಳನಾಡಿಗೆ ಹೋದಂತೆ ಕಡಿಮೆ. ಈ ಸಹಜ ಪ್ರಮಾಣವನ್ನು ಗುರುತಿಸಿ ಒಂದು ನಕ್ಷೆ ಸಿದ್ಧವಾಯಿತು. ಯಾವ ಊರಿನ ನೀರಿನಲ್ಲಿ ಅದಕ್ಕಿಂತ ಹೆಚ್ಚಿದೆಯೋ ಅಲ್ಲಿ ಮನುಷ್ಯರ ಕೊಳಚೆ ಬೆರೆತಿರಬೇಕೆಂದು ಊಹಿಸಬಹುದಾಯಿತು. ಅಷ್ಟು ಕ್ಲೋರೈಡ್ ತಾನೇ ವಿಷವಲ್ಲ. ಕೊಳಚೆಗೆ ಅದು ಸಾಕ್ಷಿ.

1911ರ ಮಾರ್ಚ್ 30ರಂದು ಎಲೆನ್ ನಿಧನರಾದರು. ಇಂದಿನ ಉಪಕರಣಗಳು ನೂರು ಕೋಟಿ ಭಾಗ ನೀರಿನಲ್ಲಿ ಒಂದು ಭಾಗ ಸೀಸ ಅಥವಾ ಪಾದರಸವಿದ್ದರೂ ಪತ್ತೆ ಮಾಡಬಲ್ಲವು. ಆದರೂ ಪ್ರಕೃತಿ ಕೊಟ್ಟದ್ದೆಷ್ಟು, ಮನುಷ್ಯ ಸೇರಿಸಿದ್ದೆಷ್ಟು ಎಂಬ ಪ್ರಶ್ನೆ ಅದೇ ಆಗಿದೆ.

ವಿದ್ಯಾರ್ಥಿಗಳೇ, ಪ್ರಯೋಗಶಾಲೆಯಲ್ಲಿ ಉಪ್ಪುನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಬಿಳಿಯ ಪ್ರಕ್ಷೇಪ ಕಾಣುತ್ತದಲ್ಲವೇ? ಅದು ಕ್ಲೋರೈಡಿನ ಗುರುತು. ಅಂಕಕ್ಕಾಗಿ ಮಾತ್ರ ಅದನ್ನು ಕಲಿಯಬೇಡಿರಿ. ಅಂಥ ಸಣ್ಣ ಗುರುತನ್ನೇ ಹಿಡಿದು ಒಂದು ರಾಜ್ಯದ ನೀರನ್ನು ಕಾಯಲು ನೆರವಾದವರನ್ನು ನೆನೆಯಿರಿ.