ಕಿಟಕಿಯಿಂದ ಇಳಿಯಲು ಕಲಿಸಿದ ಬ್ರೇಡ್‌ವುಡ್

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿದವರಿಗೆ ಗೊತ್ತು: ಹತ್ತುವುದಕ್ಕಿಂತ ಇಳಿಯುವುದೇ ಕಠಿಣ. ಉರಿಯುವ ಕಟ್ಟಡದ ಮೇಲಂತಸ್ತಿನ ಕಿಟಕಿಯಲ್ಲಿ ನಿಂತವರಿಗಂತೂ ಅದು ಜೀವನ್ಮರಣದ ಪ್ರಶ್ನೆ. ಆ ಪ್ರಶ್ನೆಗೆ ಎದೆಗಾರಿಕೆಯಷ್ಟೇ ಸಾಲದು, ನಿತ್ಯದ ಅಭ್ಯಾಸವೂ ಬೇಕೆಂದು ತೋರಿಸಿಕೊಟ್ಟವರು ಸ್ಕಾಟ್ಲೆಂಡಿನ ಜೇಮ್ಸ್ ಬ್ರೇಡ್‌ವುಡ್.

1800ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಅವರು ಕಟ್ಟಡಗಳ ಸರ್ವೆ ಕೆಲಸದಲ್ಲಿ ಪಳಗಿದವರು. 1824ರಲ್ಲಿ, ಇನ್ನೂ 24ರ ಹರೆಯದಲ್ಲೇ, ನಗರದ ಹೊಸ ಅಗ್ನಿಶಾಮಕ ದಳದ ಮುಖ್ಯಸ್ಥರಾದರು. ಕೆಲವೇ ವಾರಗಳಲ್ಲಿ ಹಳೆಯ ನಗರ ಹೊತ್ತಿ ಉರಿಯಿತು. ದಳದ ತರಬೇತಿ ಆಗಿನ್ನೂ ಮುಗಿದಿರಲಿಲ್ಲ.

ಎತ್ತರಕ್ಕೆ ಅಂಜದ, ಕಟ್ಟಡದ ಮರ್ಮ ಬಲ್ಲ ಚಾವಣಿ ಕೆಲಸದವರು, ಬಡಗಿಗಳು, ಗಾರೆಯವರನ್ನೇ ಅವರು ದಳಕ್ಕೆ ಆರಿಸಿಕೊಂಡರು. ಬೆಳಗಿನ ಜಾವದ ಕತ್ತಲಲ್ಲಿ ಕವಾಯತು ನಡೆಯುತ್ತಿತ್ತು. ನಾರ್ತ್ ಬ್ರಿಡ್ಜ್ ಸೇತುವೆಯಿಂದ ಹಗ್ಗ ಹಿಡಿದು ಇಳಿಯುವುದನ್ನು ಸಿಬ್ಬಂದಿ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಿದ್ದರು. ಹೊಗೆಯೊಳಗೆ ಯಾರೂ ಒಂಟಿಯಾಗಿ ನುಗ್ಗಬಾರದೆಂಬುದು ಅವರ ಕಟ್ಟಪ್ಪಣೆ. ಈ ಅನುಭವವನ್ನೆಲ್ಲ 1830ರಲ್ಲಿ ಅವರು ಪುಸ್ತಕವಾಗಿಸಿದರು.

1833ರಲ್ಲಿ ಲಂಡನ್ ಅವರನ್ನು ಕರೆಸಿಕೊಂಡಿತು. ಅಲ್ಲಿನ ದಳವನ್ನು ನಡೆಸುತ್ತಿದ್ದುದು ವಿಮಾ ಕಂಪನಿಗಳು. ಅವುಗಳ ಚಿಂತೆ ಆಸ್ತಿಯದು. ಕಿಟಕಿಗೆ ಏಣಿ ಹಾಕಿ ಜನರನ್ನು ಇಳಿಸುವ ಹೊಣೆ ಪ್ರತ್ಯೇಕ ಸೇವಾ ಸಂಸ್ಥೆಯೊಂದರದಾಗಿತ್ತು. 1861ರ ಜೂನ್ 22ರಂದು ಟೂಲಿ ಸ್ಟ್ರೀಟಿನ ಗೋದಾಮುಗಳ ಬೆಂಕಿಯಲ್ಲಿ ಗೋಡೆ ಕುಸಿದು ಬ್ರೇಡ್‌ವುಡ್ ಅಸುನೀಗಿದರು. ಆ ದುರಂತದ ಬಳಿಕವೇ, 1866ರಲ್ಲಿ, ಲಂಡನ್ನಿಗೆ ಸಾರ್ವಜನಿಕ ಅಗ್ನಿಶಾಮಕ ದಳ ಬಂತು. ಮರುವರ್ಷ ಆ ಏಣಿಗಳೂ ಅದರ ಕೈಸೇರಿದವು.

ಇದು ಪರದೇಶದ ಹಳೆಯ ಕಥೆಯಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿದಾಗ ಕೆಲವರು ಕಿಟಕಿಗಳಿಂದ ಜಿಗಿದರು. ಒಟ್ಟು 9 ಮಂದಿ ಸತ್ತರು.

ಬಹುಮಹಡಿ ಕಟ್ಟಡಗಳು ಈಗ ರಾಜಧಾನಿಯ ಸೊತ್ತಾಗಿ ಉಳಿದಿಲ್ಲ. ಶಿರಾ, ಕೊರಟಗೆರೆ, ಮಧುಗಿರಿ, ಪಾವಗಡಗಳಂಥ ಊರುಗಳೂ ಮೇಲಕ್ಕೆ ಬೆಳೆಯುತ್ತಿವೆ. ಕಳ್ಳರ ಭಯಕ್ಕೆ ನಾವು ಕಿಟಕಿಗಳಿಗೆ ಕಬ್ಬಿಣದ ಗ್ರಿಲ್ ಬಿಗಿಯುತ್ತೇವೆ. ಬೆಂಕಿ ಬಿದ್ದಾಗ ಕಳ್ಳನನ್ನು ತಡೆದ ಸರಳುಗಳೇ ಒಳಗಿನವರನ್ನು ಸೆರೆಹಿಡಿಯುತ್ತವೆ. ಅಗ್ನಿಶಾಮಕ ಸಿಬ್ಬಂದಿ ಎಷ್ಟೇ ಪಳಗಿದ್ದರೂ ತೆರೆಯದ ಕಿಟಕಿಯೆದುರು ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ.

ಕೋಣೆಗೊಂದಾದರೂ ಒಳಗಿನಿಂದ ತೆರೆಯಬಲ್ಲ ಗ್ರಿಲ್, ವಸತಿನಿಲಯ, ಆಸ್ಪತ್ರೆಗಳಲ್ಲಿ ನಿಯತವಾದ ಅಣಕು ಕಾರ್ಯಾಚರಣೆ: ಇವು ದುಬಾರಿಯೇನಲ್ಲ. ಅಪಾಯ ಎದುರಾಗುವ ಮುನ್ನವೇ ಇಳಿಯುವ ದಾರಿಯನ್ನು ಅರಿತಿರಬೇಕೆಂಬುದೇ ಬ್ರೇಡ್‌ವುಡ್ ಬದುಕಿನ ಪಾಠ.